ಲೇತ್ ಮುಂದಿನ ಅಣ್ಣ, ಸಿಎನ್‌ಸಿ ಮುಂದಿನ ಹುಡುಗ: ಒಂದೇ ಶೆಡ್ಡಿನಲ್ಲಿ ಇಬ್ಬರನ್ನೂ ಹೊಂದಿಸುವುದು ಹೇಗೆ?

ಒಂದು ಶಾಫ್ಟ್ ಹಾಳಾದ ಕಥೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದೇ ಅಲ್ಲಿಂದ.

ಪೀಣ್ಯದಲ್ಲಿ ನಾನು ನೋಡಿಕೊಳ್ಳುವುದು ಒಂದು ಸಣ್ಣ ಶೆಡ್ಡು. 2 ಹಳೆಯ ಲೇತ್ (ಲೋಹದ ತುಂಡನ್ನು ತಿರುಗಿಸಿ ಕೆತ್ತುವ, ಕೈಯಿಂದ ನಡೆಸುವ ಮಷೀನು), 1 ಮಿಲ್ಲಿಂಗ್ ಮಷೀನು, 2 ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಲೇತ್), 1 ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮಷೀನು). ಒಟ್ಟು 14 ಜನ. ಅದರಲ್ಲಿ 50 ದಾಟಿದವರು ನಾಲ್ವರು, 25 ಮುಟ್ಟದವರು ಏಳು ಮಂದಿ, ಮಿಕ್ಕವರು ನನ್ನಂಥ ನಡುವಯಸ್ಸಿನವರು. ಒಂದು ದಿನ ಸಿಎನ್‌ಸಿ ಎರಡೂ ಬಿಜಿ ಇದ್ದವು, ಅರ್ಜೆಂಟಾಗಿ ಒಂದು ಇಎನ್24 ಉಕ್ಕಿನ ಶಾಫ್ಟ್ ಮುಗಿಸಬೇಕಿತ್ತು. ಡಿಪ್ಲೊಮಾ ಮುಗಿಸಿ ಬಂದ ಹುಡುಗನನ್ನು ಹಳೆಯ ಲೇತ್‌ಗೆ ಹಾಕಿದೆವು. ಅವನು ಅಳೆದ. ವ್ಯಾಸ 40.20 ಮಿಲಿಮೀಟರ್ ಬಂತು. ಬೇಕಾದದ್ದು 40.00. ಪಕ್ಕದ ಮಷೀನಿನಿಂದ ನಮ್ಮ ಹಿರಿಯ ಟರ್ನರ್, ಶೆಡ್ಡಿನಲ್ಲಿ ಎಲ್ಲರೂ ದೊಡ್ಡಣ್ಣ ಅಂತ ಕರೆಯುವವರು, ಕೂಗಿ ಹೇಳಿದರು: "ಇಪ್ಪತ್ತಿದೆ, ತೆಗೆದುಬಿಡು." ಹುಡುಗ ಡಯಲ್‌ನಲ್ಲಿ ಕರಾರುವಾಕ್ಕಾಗಿ 0.20 ತಿರುಗಿಸಿ ಕಟ್ ಕೊಟ್ಟ. ಆ ಲೇತ್‌ನಲ್ಲಿ ಡಯಲ್ ತೋರಿಸಿದಷ್ಟು ಟೂಲ್ ಒಳಗೆ ಹೋಗುತ್ತದೆ, ಅಂದರೆ ವ್ಯಾಸದಲ್ಲಿ ಅದರ ಎರಡರಷ್ಟು ಕಡಿಮೆಯಾಗುತ್ತದೆ. ಅವನು ಪಳಗಿದ ಸಿಎನ್‌ಸಿಯಲ್ಲಿ ಹಾಗಲ್ಲ, ಅಲ್ಲಿ ಎಕ್ಸ್ ಅಂದರೆ ವ್ಯಾಸವೇ. ಶಾಫ್ಟ್ 39.80ಕ್ಕೆ ಬಂದು ಕೂತಿತು. ಎರಡು ದಿನದ ಕೆಲಸ ಸ್ಕ್ರ್ಯಾಪ್‌ಗೆ.

ಆಮೇಲೆ ನಡೆದದ್ದು ಗೊತ್ತೇ ಇದೆ. "ಬಟನ್ ಒತ್ತೋರ ಕೈಗೆ ಹ್ಯಾಂಡಲ್ ಕೊಟ್ರೆ ಇನ್ನೇನಾಗುತ್ತೆ" ಅಂತ ಅವರು. "ಇವರಿಗೆ ಬಿಡಿಸಿ ಹೇಳೋಕೆ ಬರಲ್ಲ, ಬೈಯೋದೊಂದೇ ಬರೋದು" ಅಂತ ಇವನು. ಮಾಲೀಕರು ಬಂದು "ಜನರೇಷನ್ ಗ್ಯಾಪ್ ಕಣಯ್ಯ, ಏನೂ ಮಾಡೋಕಾಗಲ್ಲ" ಅಂದು ಹೋದರು.

ಮಾಡಬಹುದಿತ್ತು. ಆ ಡಯಲ್ ಪಕ್ಕ "ಇದು ರೇಡಿಯಸ್" ಅಂತ ಒಂದು ಚೀಟಿ ಅಂಟಿಸಿದ್ದರೆ ಶಾಫ್ಟೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಅವತ್ತಿನಿಂದ ನಾನು ನಂಬಿಕೊಂಡಿರುವುದು ಇಷ್ಟು: ನಾವು ವಯಸ್ಸಿನ ಜಗಳ ಅಂತ ಹೆಸರಿಡುವುದರಲ್ಲಿ ಜಾಸ್ತಿ ಪಾಲು ಕೆಲಸದ ಏರ್ಪಾಡಿನ ಜಗಳ. ವಯಸ್ಸನ್ನು ಯಾರೂ ಬದಲಾಯಿಸಲು ಆಗುವುದಿಲ್ಲ, ಏರ್ಪಾಡನ್ನು ಬದಲಾಯಿಸಬಹುದು. ಕೆಳಗಿರುವುದು ನಾವು ಒಂದೂವರೆ ವರ್ಷ ಮಾಡಿ ನೋಡಿದ್ದು. ನಿಮ್ಮದು ಪ್ರಿಂಟಿಂಗ್ ಪ್ರೆಸ್ಸೋ, ಗ್ಯಾರೇಜೋ, ಸೊಸೈಟಿ ಬ್ಯಾಂಕೋ ಆಗಿದ್ದರೆ ಮಷೀನಿನ ಹೆಸರು ಬದಲಾಯಿಸಿಕೊಂಡು ಓದಿ.

1. ಒಂದು ವಾರ ಜಗಳ ಬರೆದಿಡಿ

ಮೊದಲೇ ಯಾರನ್ನೂ ಕೂರಿಸಿಕೊಂಡು ಬುದ್ಧಿ ಹೇಳಲು ಹೋಗಬೇಡಿ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಎಲ್ಲಿ ದನಿ ಏರಿತು, ಯಾವ ಮಷೀನಿನ ಹತ್ತಿರ, ಎಷ್ಟು ಗಂಟೆಗೆ, ಜಗಳ ಶುರುವಾಗುವ ಮುಂಚೆ ಇಬ್ಬರೂ ಏನು ಮಾಡುತ್ತಿದ್ದರು, ಇಷ್ಟೇ ಬರೆಯಿರಿ. ಯಾರದ್ದು ತಪ್ಪು ಅಂತ ಬರೆಯಬೇಡಿ.

ನಮ್ಮಲ್ಲಿ ಒಂದು ವಾರಕ್ಕೆ 9 ಸಿಕ್ಕವು. ಮೂರು ಅಳತೆ ಮತ್ತು ಡ್ರಾಯಿಂಗ್ ವಿಷಯಕ್ಕೆ. ಎರಡು ಶಿಫ್ಟ್ ಬದಲಾಗುವಾಗ. ಓವರ್‌ಟೈಮಿಗೆ (ಓಟಿ) ಒಂದು, ಕೇಳದೆ ಟೂಲ್ ತೆಗೆದುಕೊಂಡದ್ದಕ್ಕೆ ಒಂದು, ಫ್ಯಾನಿಗೆ ಒಂದು. ಇನ್ನೊಂದು ಮೊಬೈಲಿಗೆ, ಅದೊಂದನ್ನು ಬೇಕಾದರೆ "ಈಗಿನ ಹುಡುಗರು" ಅನ್ನುವ ಲೆಕ್ಕಕ್ಕೆ ಹಾಕಬಹುದು. ಅದೂ ಅನುಮಾನವೇ, ಊಟದ ಹೊತ್ತಿನಲ್ಲಿ ಜಾಸ್ತಿ ರೀಲ್ಸ್ ನೋಡುವುದು ನಮ್ಮ 54 ವರ್ಷದ ಫಿಟ್ಟರು.

ಇದಕ್ಕೂ ಮುಂಚೆ ನಾವು ಒಬ್ಬ ಟ್ರೇನರನ್ನು ಕರೆಸಿದ್ದೆವು. ಅವರು ಪರದೆ ಮೇಲೆ ಇಸವಿ ಹಾಕಿ, ಈ ವರ್ಷದಿಂದ ಈ ವರ್ಷದೊಳಗೆ ಹುಟ್ಟಿದವರು ಹೀಗೆ, ಆ ವರ್ಷದವರು ಹಾಗೆ ಅಂತ ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟು ಎರಡು ಗಂಟೆ ವಿವರಿಸಿದರು. ಶಿರಾ ಕಡೆಯ ಹಳ್ಳಿಯಿಂದ ಬಂದು 16ನೇ ವಯಸ್ಸಿಗೆ ಶೆಡ್ಡು ಸೇರಿದವರಿಗೂ ಅಮೆರಿಕದಲ್ಲಿ ಅದೇ ವರ್ಷ ಹುಟ್ಟಿದವರಿಗೂ ಒಂದೇ ಸ್ವಭಾವ ಹೇಗೆ ಬಂದೀತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಂದು ವಾರದ ನಂತರ ಉಳಿದದ್ದೆಂದರೆ ಬೈಯಲು ಎರಡು ಹೊಸ ಪದ.

2. ಅಳತೆಯ ಮಾತು ಒಂದೇ ಇರಲಿ

ಪೀಣ್ಯದ ಹಳಬರಲ್ಲಿ ಎಷ್ಟೋ ಜನ ಐಟಿಐ ಮೆಟ್ಟಿಲು ಹತ್ತಿದವರಲ್ಲ. ಹೆಲ್ಪರಾಗಿ ಸೇರಿ, ಚಿಪ್ಸ್ (ಕೆತ್ತಿದಾಗ ಬೀಳುವ ಲೋಹದ ಸಿಪ್ಪೆ) ಗುಡಿಸಿ, ಮೇಸ್ತ್ರಿ ಕೈಯಲ್ಲಿ ಬೈಸಿಕೊಂಡು ಕಲಿತವರು. ಕೈ ಪಳಗಿದ್ದು ಎಚ್‌ಎಂಟಿ ಲೇತ್ ಮೇಲೆ, ಇಲ್ಲವೇ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ. ಎಚ್‌ಎಂಟಿ ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದದ್ದು, ಹರಿಹರದ್ದು ಅದಕ್ಕೂ ಹಳೆಯದು, 1941ರದ್ದು. ಆ ಕಾಲದ ಮಷೀನುಗಳ ಜೊತೆ ಅವುಗಳ ಭಾಷೆಯೂ ಬಂತು. ಇಂಚಿನ ಎಂಟನೇ ಒಂದು ಭಾಗ ಒಂದು ನೂಲು, ಅಂದರೆ 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇಂಚಿನ ಸಾವಿರದ ಒಂದು ಭಾಗ ಒಂದು ಥೌ, ಅಂದರೆ 0.0254 ಮಿಲಿಮೀಟರ್. ಮೈಕ್ರೋಮೀಟರಿನ ಒಂದು ಗೆರೆ ಒಂದು ಡಿವಿಷನ್, 0.01. ಇವರ ಬಾಯಲ್ಲಿ ಮೂರೂ ಕಲೆತು ಬರುತ್ತವೆ, ಅವರವರಲ್ಲಿ ಗೊಂದಲವೂ ಆಗುವುದಿಲ್ಲ. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ಟ್ರೇನಿಂಗ್ ಸಂಸ್ಥೆಯಿಂದ ಬಂದ ಹುಡುಗನಿಗೆ ಗೊತ್ತಿರುವುದು ಮಿಲಿಮೀಟರ್ ಮತ್ತು ಮೈಕ್ರಾನ್ ಮಾತ್ರ. "ಎರಡು ನೂಲು ಬಿಟ್ಟು ಹಿಡಿ" ಅಂದರೆ ಅವನು ದಾರ ಹುಡುಕುತ್ತಾನೆ.

ಇದಕ್ಕೆ ನಾವು ಮಾಡಿದ್ದು ಹೀಗೆ. ಪ್ರತಿ ಮಷೀನಿನ ಡಯಲ್ ಪಕ್ಕ ಚೀಟಿ: ಒಂದು ಗೆರೆ ಎಷ್ಟು, ರೇಡಿಯಸ್ಸೋ ವ್ಯಾಸವೋ. ನಿಮ್ಮ ಎರಡು ಲೇತ್‌ಗಳಲ್ಲೇ ಒಂದು ಹಾಗೆ ಒಂದು ಹೀಗೆ ಇರಬಹುದು, ಡಯಲ್ ಇಂಡಿಕೇಟರ್ ಇಟ್ಟು ತಿರುಗಿಸಿ ನೋಡಿ ಬರೆಯಿರಿ, ನೆನಪಿನಿಂದ ಬರೆಯಬೇಡಿ. ಎರಡನೆಯದು, ಇನ್ನೊಬ್ಬರಿಗೆ ಅಳತೆ ಹೇಳುವಾಗ ಮುಗಿದ ಮೇಲೆ ಎಷ್ಟು ಬರಬೇಕು ಅನ್ನುವುದನ್ನು ಹೇಳಬೇಕು. "ಇಪ್ಪತ್ತು ತೆಗಿ" ಅನ್ನುವಂತಿಲ್ಲ, "ನಲವತ್ತು ಪಾಯಿಂಟ್ ಸೊನ್ನೆಗೆ ತಾ" ಅನ್ನಬೇಕು. ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಹೀಗೆ ತಿರುಗಿ ಹೇಳುವುದು ಮೊದಲ ಹತ್ತು ದಿನ ಎಲ್ಲರಿಗೂ ನಾಚಿಕೆ. ದೊಡ್ಡಣ್ಣ "ಇದೇನು ಒಂದನೇ ಕ್ಲಾಸಾ?" ಅಂದರು. ನಾನು ಅವರ ಮಾತನ್ನೇ ತಿರುಗಿ ಹೇಳಲು ಶುರು ಮಾಡಿದೆ, ದಿನಾ, ಎಲ್ಲರ ಎದುರಿಗೆ. ಮೇಲಿನವನೇ ಮಾಡಿದರೆ ಕೆಳಗಿನವರಿಗೆ ಮಾಡಲು ಅವಮಾನ ಅನ್ನಿಸುವುದಿಲ್ಲ.

ಹಳೆಯ ಮಾತನ್ನು ಪೂರ್ತಿ ಬಿಡಿಸಲು ಹೋಗಬೇಡಿ. ಗೋಡೆಯ ಮೇಲೆ ನೂಲು, ಥೌ, ಡಿವಿಷನ್ ಮೂರಕ್ಕೂ ಮಿಲಿಮೀಟರ್ ಲೆಕ್ಕ ಬರೆದು ಹಾಕಿ, ಸಾಕು.

3. ಯಾರಿಗೆ ಏನು ಗೊತ್ತು ಅನ್ನುವುದನ್ನು ವಯಸ್ಸು ನೋಡಿ ತೀರ್ಮಾನಿಸಬೇಡಿ

ಹಿರಿಯರಿಗೆ ಅನುಭವ, ಕಿರಿಯರಿಗೆ ಕಂಪ್ಯೂಟರ್ ಅಂತ ಹಂಚಿಬಿಡುವುದು ಸುಲಭ. ಆದರೆ ಅನುಭವವೂ ಕೆಲವು ಕಡೆ ಹಳಸುತ್ತದೆ, ಕೆಲವು ಕಡೆ ಹಳಸುವುದೇ ಇಲ್ಲ. ಯಾವುದು ಎಲ್ಲಿ ಅಂತ ಬಿಡಿಸಿ ನೋಡುವುದರಲ್ಲೇ ನಿಜವಾದ ಕೆಲಸ ಇರುವುದು. ಎರಡು ಉದಾಹರಣೆ ಹೇಳುತ್ತೇನೆ.

ಮೊದಲನೆಯದು ನೀಲಿ ಚಿಪ್ಸ್. ಸಿಎನ್‌ಸಿಯಲ್ಲಿ ಇಎನ್8 ಉಕ್ಕು ಓಡುತ್ತಿತ್ತು, ಚಿಪ್ಸ್ ಕಡುನೀಲಿ ಬಣ್ಣದಲ್ಲಿ ಬೀಳುತ್ತಿದ್ದವು. ದೊಡ್ಡಣ್ಣ ಹೋಗಿ ಫೀಡ್ ಹೋಲ್ಡ್ ಒತ್ತಿ ಮಷೀನು ನಿಲ್ಲಿಸಿದರು. "ಟೂಲ್ ಸುಡ್ತಾ ಇದೆ, ಕಣ್ಣು ಕಾಣಲ್ವೇನೋ!" ಹುಡುಗನಿಗೆ ಸಿಟ್ಟು ಬಂತು. ಯಾರು ಸರಿ? ದೊಡ್ಡಣ್ಣ ಕಲಿತದ್ದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ. ಅದರಲ್ಲಿ ಉಕ್ಕಿಗೆ ನಿಮಿಷಕ್ಕೆ 25, 30 ಮೀಟರ್ ವೇಗ. ಚಿಪ್ಸ್ ನೀಲಿಗೆ ತಿರುಗಿತು ಅಂದರೆ ವೇಗ ಜಾಸ್ತಿಯಾಯಿತು, ಇನ್ನು ಸ್ವಲ್ಪ ಹೊತ್ತಿಗೆ ಟೂಲಿನ ಮೂತಿ ಹೋಗುತ್ತದೆ ಅಂತ ಅರ್ಥ. ಆದರೆ ಈ ಮಷೀನಿನಲ್ಲಿ ಇದ್ದದ್ದು ಕಾರ್ಬೈಡ್ ಇನ್ಸರ್ಟ್, ಟೂಲಿನ ತುದಿಗೆ ಸಿಕ್ಕಿಸುವ ಗಟ್ಟಿ ತುಂಡು. ಅದು ನಿಮಿಷಕ್ಕೆ 150 ಮೀಟರ್ ದಾಟಿ ಓಡುತ್ತದೆ, ಬಿಸಿಯನ್ನು ಬಹುಮಟ್ಟಿಗೆ ಚಿಪ್ಸೇ ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ನೀಲಿ ಬಣ್ಣ ಬರುವುದು ಮಾಮೂಲಿ. ಅಂದರೆ ದೊಡ್ಡಣ್ಣನ ಕಣ್ಣು ಸರಿಯಾಗಿಯೇ ಇತ್ತು, ಅದು ಓದಿದ್ದು ಹಳೆಯ ಟೂಲಿನ ಪಾಠ.

ಎರಡನೆಯದು ಇದರ ಉಲ್ಟಾ. ಮಷೀನಿನಿಂದ ಆಗ ತಾನೆ ತೆಗೆದ ಜಾಬನ್ನು, ಅಂದರೆ ಕೆತ್ತಿದ ತುಂಡನ್ನು, ಹುಡುಗರು ಅಲ್ಲೇ ಮೈಕ್ರೋಮೀಟರ್ ಹಿಡಿದು ಅಳೆದು ಆಫ್‌ಸೆಟ್ (ಟೂಲಿನ ಜಾಗ ತಿದ್ದುವ ಅಂಕಿ) ಬದಲಾಯಿಸುತ್ತಿದ್ದರು. "ಬಿಸಿ ಜಾಬ್ ಅಳೀಬೇಡ್ರೋ" ಅಂತ ದೊಡ್ಡಣ್ಣ ಗೊಣಗುತ್ತಲೇ ಇದ್ದರು. ಅದು ಸುಮ್ನೆ ಹಳೆ ಕಾಲದ ಮಡಿ ಅಂತ ಇವರ ಲೆಕ್ಕ. ಆಮೇಲೆ ಒಬ್ಬಳು ಹುಡುಗಿ, ನಮ್ಮ ಕ್ವಾಲಿಟಿ ನೋಡುವವಳು, ಲೆಕ್ಕ ಹಾಕಿ ತೋರಿಸಿದಳು. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 50 ಮಿಲಿಮೀಟರ್ ಜಾಬ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ವ್ಯಾಸ ಹೆಚ್ಚುಕಡಿಮೆ 0.012 ಜಾಸ್ತಿ ತೋರಿಸುತ್ತದೆ. ನಮ್ಮ ಟಾಲರೆನ್ಸೇ, ಅಳತೆ ಹೆಚ್ಚುಕಡಿಮೆಯಾಗಲು ಇರುವ ಅವಕಾಶವೇ, ಒಟ್ಟು 0.020. ತಣ್ಣಗಾದ ಮೇಲೆ ಜಾಬ್ ಯಾಕೆ ಸಣ್ಣ ಬರುತ್ತಿದೆ ಅಂತ ಒಂದು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದರಲ್ಲ, ಉತ್ತರ ಪಕ್ಕದ ಮಷೀನಿನಲ್ಲೇ ಗೊಣಗುತ್ತಾ ನಿಂತಿತ್ತು.

ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ಯಾರೇ ಇನ್ನೊಬ್ಬರ ಕೆಲಸಕ್ಕೆ ತಪ್ಪು ಹೇಳಿದರೆ ಕಾರಣ ಹೇಳಬೇಕು. ಕಾರಣ ಗೊತ್ತಿಲ್ಲದಿದ್ದರೆ "ಕಾರಣ ಗೊತ್ತಿಲ್ಲ, ಆದರೆ ಹೀಗೆ ಮಾಡಿದಾಗ ಹಾಳಾದದ್ದು ನೋಡಿದ್ದೇನೆ" ಅನ್ನಬೇಕು. ಅದೂ ಮರ್ಯಾದೆಯ ಉತ್ತರವೇ. ಆಮೇಲೆ ಒಂದು ಸ್ಕ್ರ್ಯಾಪ್ ತುಂಡು ಹಾಕಿ ನೋಡಿಬಿಡುವುದು. ನೀಲಿ ಚಿಪ್ಸ್ ವಿಷಯದಲ್ಲಿ ಒಂದೇ ಇನ್ಸರ್ಟ್‌ನಲ್ಲಿ ದಿನವಿಡೀ ಓಡಿಸಿ, ಸಂಜೆ ಮೂತಿಯನ್ನು ಲೆನ್ಸಿನಲ್ಲಿ ದೊಡ್ಡಣ್ಣನಿಗೇ ತೋರಿಸಿದೆವು. ನೋಡಿ "ಹೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

4. ಇಬ್ಬರನ್ನು ಒಂದೇ ಜಾಬಿಗೆ ಕಟ್ಟಿ

"ಇವನಿಗೆ ಕಲಿಸಿಕೊಡಿ" ಅಂತ ಒಬ್ಬರ ಬೆನ್ನಿಗೆ ಇನ್ನೊಬ್ಬನನ್ನು ಅಂಟಿಸಿದರೆ ಕಲಿಯುವುದಿಲ್ಲ. ಹಿರಿಯರಿಗೆ ಹೊರೆ, ಕಿರಿಯನಿಗೆ ಚಹಾ ತರುವ ಕೆಲಸ. ಒಂದು ಹೊಸ ಜಾಬ್ ಕೊಟ್ಟು, ಅದರ ಮೊದಲ ಪೀಸು ಪಾಸಾಗುವವರೆಗೆ ಇಬ್ಬರದ್ದೂ ಜವಾಬ್ದಾರಿ ಅಂತ ಮಾಡಿ. ನಾವು ಹಂಚಿದ್ದು ಹೀಗೆ: ಜಾಬನ್ನು ಹಿಡಿಯುವುದು ಹೇಗೆ, ಎಷ್ಟು ಹೊರಗೆ ಬಿಡಬೇಕು, ಇನ್ನೊಂದು ತುದಿಗೆ ಟೇಲ್ ಸ್ಟಾಕ್ ಆಸರೆ ಬೇಕಾ, ಯಾವ ಕಡೆ ಮೊದಲು ಅನ್ನುವುದು ಹಿರಿಯರ ತೀರ್ಮಾನ. ಪ್ರೋಗ್ರಾಂ, ಟೂಲ್ ಪಟ್ಟಿ, ವೇಗ, ಫೀಡ್ ಕಿರಿಯರ ತೀರ್ಮಾನ. ಮೊದಲ ಪೀಸಿನಲ್ಲಿ ಸಿಂಗಲ್ ಬ್ಲಾಕ್ (ಪ್ರೋಗ್ರಾಂ ಒಂದೊಂದೇ ಸಾಲು ಓಡುವ ಹಾಗೆ) ಹಾಕಿ, ರ‍್ಯಾಪಿಡ್ (ಟೂಲಿನ ಖಾಲಿ ಓಟದ ವೇಗ) 25 ಪರ್ಸೆಂಟಿಗೆ ಇಳಿಸಿ, ಹುಡುಗ ಪರದೆ ನೋಡುತ್ತಾನೆ, ಹಿರಿಯರು ಟೂಲ್ ನೋಡುತ್ತಾರೆ, ಅವರ ಬೆರಳು ಫೀಡ್ ಹೋಲ್ಡ್ ಮೇಲೆ. ತಪಾಸಣೆ ಹಾಳೆಗೆ ಇಬ್ಬರದ್ದೂ ಸಹಿ.

ಈ ಕೊನೆಯದನ್ನು ಬಿಡಬೇಡಿ. ಸಹಿ ಇಬ್ಬರದ್ದಾದರೆ ಬೈಗುಳವೂ ಇಬ್ಬರದ್ದು. ಆಗ "ಅವನು ಮಾಡಿದ್ದು" ಅನ್ನುವ ಮಾತೇ ಏಳುವುದಿಲ್ಲ.

ಆರು ವಾರಕ್ಕೆ ಒಮ್ಮೆ ಜೋಡಿ ಬದಲಾಯಿಸಿ. ಕೆಲವು ಜೋಡಿ ಕೂಡುವುದೇ ಇಲ್ಲ. ಎಳೆದಾಡಬೇಡಿ, ಬಿಡಿಸಿ.

5. "ನನಗೆ ಬೇಡ" ಅಂದವರಿಗೆ ಯಾಕೆ ಬೇಡ ಅಂತ ಒಬ್ಬರೇ ಇರುವಾಗ ಕೇಳಿ

ನಮ್ಮ ಇನ್ನೊಬ್ಬ ಹಿರಿಯರು, 52 ವರ್ಷ, ಸಿಎನ್‌ಸಿ ಕಲಿಯಲು ಸುತರಾಂ ಒಪ್ಪಲಿಲ್ಲ. "ನಮಗ್ಯಾಕೆ ಸಾರ್ ಅದೆಲ್ಲ, ಇನ್ನೆಷ್ಟು ವರ್ಷ ಇರ್ತೀವಿ?" ಎರಡು ವರ್ಷ ಇದೇ ಮಾತು. ಹಟಮಾರಿ ಅಂತ ನಾನೂ ತೀರ್ಮಾನಿಸಿಬಿಟ್ಟಿದ್ದೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವರೇ ಬಾಗಿಲು ಹಾಕುತ್ತಾ ಹೇಳಿದರು, ಪರದೆ ಮೇಲಿನ ಅಕ್ಷರ ಕಾಣುವುದಿಲ್ಲ ಅಂತ. ಚಾಳೀಸು. ಕನ್ನಡಕ ಹಾಕಿಕೊಂಡರೆ ಹುಡುಗರು "ತಾತ" ಅನ್ನುತ್ತಾರೆ ಅಂತ ಸಂಕೋಚ. ಸೊನ್ನೆಯೋ ಎಂಟೋ ತಿಳಿಯದೆ ಆಫ್‌ಸೆಟ್ ತಪ್ಪು ಒತ್ತಿ ಟೂಲ್ ಹೋಗಿ ಜಾಬ್ ಹಿಡಿಯುವ ಚಕ್‌ಗೆ ಗುದ್ದಿದರೆ ಅನ್ನುವ ಭಯ. ಅಷ್ಟೇ ವಿಷಯ. ಎರಡು ವರ್ಷ.

ಕಣ್ಣಿನ ಪರೀಕ್ಷೆ ಒಬ್ಬರಿಗೆ ಮಾಡಿಸಿದರೆ ಎತ್ತಿ ತೋರಿಸಿದ ಹಾಗಾಗುತ್ತದೆ, ಅದಕ್ಕೇ 14 ಜನಕ್ಕೂ ಮಾಡಿಸಿದೆವು. ಇಬ್ಬರು ಹುಡುಗರಿಗೂ ನಂಬರ್ ಬಂತು, ಒಳ್ಳೆಯದೇ ಆಯಿತು. ಎಲ್ಲರಿಗೂ ಸೇಫ್ಟಿ ಕನ್ನಡಕ, ಬೇಕಾದವರಿಗೆ ನಂಬರಿನದ್ದು. ಡ್ರಾಯಿಂಗ್ ಎ4 ಬದಲು ಎ3 ಹಾಳೆಯಲ್ಲಿ ಪ್ರಿಂಟ್ ಮಾಡಲು ಶುರು ಮಾಡಿದೆವು. ಸಿಎನ್‌ಸಿ ಪರದೆಗೆ ಒಂದು ದೀಪ ಹಾಕಿದೆವು.

ಕಲಿಸುವುದನ್ನೂ ಬದಲಾಯಿಸಿದೆವು. ಮ್ಯಾನುಯಲ್ ಕೈಗೆ ಕೊಟ್ಟು ಜಿ ಕೋಡ್, ಎಂ ಕೋಡ್ ಅನ್ನುವ ಮಷೀನಿನ ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದರೆ ಯಾರೂ ಕಲಿಯುವುದಿಲ್ಲ. ಅವರಿಗೆ ಮೊದಲ ಎರಡು ವಾರ ಒಂದೇ ಪುಟ ಕಲಿಸಿದ್ದು: ವೇರ್ ಆಫ್‌ಸೆಟ್. ಜಾಬ್ ಅಳೆ, ಎಷ್ಟು ಜಾಸ್ತಿ ಇದೆ ನೋಡು, ಅಷ್ಟನ್ನು ಮೈನಸ್ ಮಾಡಿ ಇನ್‌ಪುಟ್ ಒತ್ತು. ಅದು ಅವರಿಗೆ ಗೊತ್ತಿದ್ದ ಕೆಲಸವೇ, ಹ್ಯಾಂಡಲ್ ಬದಲು ಗುಂಡಿ ಅಷ್ಟೇ. ಅಲ್ಲಿ ಧೈರ್ಯ ಬಂದ ಮೇಲೆ ಮಿಕ್ಕದ್ದನ್ನು ಅವರೇ ಕೇಳಿ ಕೇಳಿ ಕಲಿತರು. ಹುಡುಗರನ್ನು ಲೇತ್ ಮೇಲೆ ನಿಲ್ಲಿಸುವಾಗಲೂ ಹೀಗೇ. ಅವರಿಗೆ ಗೊತ್ತಿರುವ ಒಂದು ಕೊಂಡಿ ಹುಡುಕಿ, ಅಲ್ಲಿಂದ ಎಳೆಯಿರಿ.

6. ಏಕವಚನದ ವಿಷಯ

ಇದನ್ನು ಯಾರೂ ಮಾತಾಡುವುದಿಲ್ಲ, ಆದರೆ ನಮ್ಮ ಕಡೆ ಅರ್ಧ ಮನಸ್ತಾಪ ಇಲ್ಲಿಂದಲೇ ಹುಟ್ಟುತ್ತದೆ. ಹಿರಿಯರು ಹುಡುಗರನ್ನು "ಲೋ", "ಬಾರೋ" ಅನ್ನುತ್ತಾರೆ. ಅದರಲ್ಲಿ ಪ್ರೀತಿಯೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಹುಡುಗರು ಅವರನ್ನು "ಅಣ್ಣ", "ನೀವು" ಅನ್ನುತ್ತಾರೆ. ಊರಿನ ಜಗಲಿಯ ಮೇಲೆ ಇದು ಸರಿ. ಆದರೆ 24ರ ಹುಡುಗನನ್ನು ನೀವು ಲೈನ್ ಇನ್‌ಚಾರ್ಜ್ ಮಾಡಿದ್ದೀರಿ, ಕಸ್ಟಮರ್ ಬಂದು ನಿಂತಿದ್ದಾರೆ, ಆಗ ಹಿಂದಿನಿಂದ "ಲೋ ಮರಿ, ಆ ಡ್ರಾಯಿಂಗ್ ತಾರೋ" ಅಂದರೆ ಅವನ ಮಾತಿಗೆ ಅಲ್ಲಿ ಬೆಲೆ ಉಳಿಯುತ್ತದಾ?

ಇದಕ್ಕೆ ನೋಟೀಸು ಅಂಟಿಸಿದರೆ ನಗೆಪಾಟಲು. ನಾನು ದೊಡ್ಡಣ್ಣನನ್ನು ಚಹಾ ಅಂಗಡಿಗೆ ಕರೆದುಕೊಂಡು ಹೋಗಿ ನೇರವಾಗಿ ಹೇಳಿದೆ: ಊಟದ ಹೊತ್ತಿನಲ್ಲಿ ಏನಾದರೂ ಕರೆಯಿರಿ, ಮಷೀನು ಓಡುವಾಗ ಮತ್ತು ಹೊರಗಿನವರು ಇರುವಾಗ ಹೆಸರು ಹಿಡಿದು ಕರೆಯಿರಿ. ಅವರು ಒಂದು ಪ್ರಶ್ನೆ ಕೇಳಿದರು. "ಅವರು ನನ್ನ ಹಿಂದೆ ಏನಂತಾರೆ ಗೊತ್ತಾ ನಿನಗೆ?" ಗೊತ್ತಿತ್ತು. "ಮ್ಯೂಸಿಯಂ" ಅನ್ನುತ್ತಿದ್ದರು. ಹುಡುಗರನ್ನೂ ಅದೇ ಅಂಗಡಿಗೆ ಕರೆದುಕೊಂಡು ಹೋದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ನಮ್ಮ ಕ್ವಾಲಿಟಿ ಹುಡುಗಿ ಜಾಬ್ ರಿಜೆಕ್ಟ್ ಮಾಡಿದಾಗಲೆಲ್ಲ "ಪುಟ್ಟಿ, ಇನ್ನೊಂದು ಸಲ ನೋಡಮ್ಮ" ಅಂತ ಹಿರಿಯರು ಮುದ್ದು ಮಾಡಿ ಪಾಸು ಮಾಡಿಸಲು ನೋಡುತ್ತಿದ್ದರು, ಹುಡುಗರು ಅದೇ ಕೆಲಸವನ್ನು ತಮಾಷೆ ಮಾಡಿ ಮಾಡುತ್ತಿದ್ದರು. ಎರಡೂ ಒಂದೇ. ಅವಳು ಕೆಂಪು ಬಣ್ಣ ಬಳಿದ ಪೀಸನ್ನು ಅವಳ ಹೊರತು ನಾನೊಬ್ಬನೇ ಮತ್ತೆ ಅಳೆಯಬಹುದು ಅಂತ ಮಾಡಿದ ಮೇಲೆ ನಿಂತಿತು.

ಬೈಯುವುದು ಇದ್ದೇ ಇರುತ್ತದೆ, ಶೆಡ್ಡು ಅಂದ ಮೇಲೆ. ಎಲ್ಲರ ಎದುರು ಬೈಯಬೇಡಿ ಅಂತ ಮಾತ್ರ ಇಟ್ಟುಕೊಳ್ಳಿ.

7. ಶಿಫ್ಟ್ ಬದಲಾಗುವಾಗ 10 ನಿಮಿಷ

ಹುಡುಗರು ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ ಬರೆದು ಹಾಕುತ್ತಾರೆ, ಹಿರಿಯರು ಅದನ್ನು ಓದುವುದಿಲ್ಲ. ಹಿರಿಯರು ಮೂರು ನಿಮಿಷದ ವಾಯ್ಸ್ ಕಳಿಸುತ್ತಾರೆ, ಹುಡುಗರು ಅದನ್ನು ಕೇಳುವುದಿಲ್ಲ. ರಾತ್ರಿ ಪಾಳಿಯವನು ಬಂದು ಯಾವ ಇನ್ಸರ್ಟ್ ಬದಲಾಯಿಸಿದ್ದಾರೆ ಅಂತ ತಿಳಿಯದೆ ಶುರು ಮಾಡುತ್ತಾನೆ.

ಪ್ರತಿ ಮಷೀನಿಗೆ ಒಂದು ಬಿಳಿ ಬೋರ್ಡ್ ಹಾಕಿ. ಅದರಲ್ಲಿ ನಾಲ್ಕೇ ಸಾಲು: ಯಾವ ಜಾಬ್, ಎಷ್ಟನೇ ಪೀಸು, ಯಾವ ಟೂಲ್ ಬದಲಾಯಿತು, ಏನು ಅನುಮಾನ. ಕನ್ನಡದಲ್ಲಿ ಬರೆಯಿರಿ. ಬಿಹಾರ, ಒಡಿಶಾ ಕಡೆಯ ಹುಡುಗರು ಇದ್ದರೆ ಅಂಕಿ ಮತ್ತು ಚಿತ್ರ ಸಾಕು. ಹೋಗುವವರು, ಬರುವವರು ಬೋರ್ಡಿನ ಮುಂದೆ 10 ನಿಮಿಷ ಒಟ್ಟಿಗೆ ನಿಲ್ಲಬೇಕು, ಆ 10 ನಿಮಿಷಕ್ಕೆ ದುಡ್ಡು ಕೊಡಿ. ಗ್ರೂಪಿನಲ್ಲಿ ಬೋರ್ಡಿನ ಫೋಟೋ ಮಾತ್ರ.

8. ದುಡ್ಡಿನ ಮಾತು ಮತ್ತು ಭಯದ ಮಾತು

ಇಲ್ಲಿಯವರೆಗಿನದೆಲ್ಲ ಮಾಡಿದರೂ ಇದೊಂದನ್ನು ಮಾಡದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮಾಲೀಕರು ಇದೊಂದನ್ನೇ ಹಾರಿಸಿಬಿಡುವುದೂ ಹೌದು.

ಹಿರಿಯರು ಕಲಿಸಲು ಹಿಂಜರಿಯುವುದು ಜಂಬಕ್ಕಲ್ಲ. ಗೊತ್ತಿರುವುದನ್ನೆಲ್ಲ ಹೇಳಿಕೊಟ್ಟ ಮೇಲೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಅನ್ನುವ ಭಯ. ಭಯಕ್ಕೆ ಕಾರಣವೂ ಇದೆ, ಎಚ್‌ಎಂಟಿಯ ವಾಚ್ ಕಾರ್ಖಾನೆ, ಹರಿಹರದ ಮೈಸೂರು ಕಿರ್ಲೋಸ್ಕರ್‌ನಂಥ ದೊಡ್ಡ ಹೆಸರುಗಳೇ ಮುಚ್ಚಿದ್ದನ್ನು ನೋಡಿದವರು ಅವರು. ಕರ್ನಾಟಕದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಅನ್ವಯಿಸುವ ಮಾದರಿ ಸ್ಥಾಯಿ ಆದೇಶದಲ್ಲಿ (ನೌಕರಿಯ ಷರತ್ತುಗಳ ನಿಯಮಾವಳಿ) ನಿವೃತ್ತಿ ವಯಸ್ಸನ್ನು 2017ರಲ್ಲಿ 58ರಿಂದ 60ಕ್ಕೆ ಏರಿಸಿದರು. ಸಣ್ಣ ಶೆಡ್ಡುಗಳಲ್ಲಿ ಬರವಣಿಗೆಯಲ್ಲಿ ಏನೂ ಇರುವುದೇ ಇಲ್ಲ. ಪಿಎಫ್ ಪಿಂಚಣಿ 58ಕ್ಕೆ ಬರುತ್ತದೆ, ಆದರೆ ಅದರಲ್ಲಿ ಮನೆ ನಡೆಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ನಾವು ದೊಡ್ಡಣ್ಣನಿಗೆ ಒಂದು ಕಾಗದ ಬರೆದುಕೊಟ್ಟೆವು: 60ರವರೆಗೆ ಕೆಲಸ, ಆಮೇಲೆ ಬಯಸಿದರೆ ವಾರಕ್ಕೆ ಎರಡು ದಿನ ಹೊಸ ಜಾಬಿನ ಸೆಟ್ಟಿಂಗ್‌ಗೆ ದಿನಗೂಲಿ. ಜೊತೆಗೆ ಕಲಿಸುವ ತಿಂಗಳುಗಳಲ್ಲಿ ಒಂದು ಸಣ್ಣ ಭತ್ಯೆ. ಕಾಗದ ಕೈಗೆ ಬಂದ ವಾರದಲ್ಲಿ ಅವರು ತಮ್ಮ ಟೂಲ್ ಪೆಟ್ಟಿಗೆಯ ಬೀಗ ತೆಗೆದರು. ನಿಜವಾದ ಬೀಗವನ್ನೇ ಹೇಳುತ್ತಿದ್ದೇನೆ. ಬೇಕಾದ ಆಕಾರಕ್ಕೆ ತಾವೇ ಗ್ರೈಂಡ್ ಮಾಡಿದ ಫಾರ್ಮ್ ಟೂಲುಗಳು, ಯಾರಿಗೂ ತೋರಿಸಿರಲಿಲ್ಲ.

ಅವರ ಇನ್ನೊಂದು ದೂರು: "ಕಲಿಸ್ತೀವಿ, ಎರಡು ವರ್ಷಕ್ಕೆ ಬಿಟ್ಟು ಹೋಗ್ತಾರೆ." ಹೋಗುತ್ತಾರೆ, ಸುಳ್ಳಲ್ಲ. ಮೆಟ್ರೋ ಹತ್ತಿದರೆ ಮೂರನೇ ಸ್ಟೇಷನ್ನಿನಲ್ಲಿ ಎರಡು ಸಾವಿರ ಜಾಸ್ತಿ ಸಿಗುತ್ತದೆ. ಹುಡುಗರ ಕಡೆಯಿಂದ ನೋಡಿದರೆ, 30 ವರ್ಷ ದುಡಿದ ಅಣ್ಣನ ಸಂಬಳ ಎಷ್ಟು ಅಂತ ಅವರಿಗೆ ಗೊತ್ತು. ಇಲ್ಲೇ ಇದ್ದರೆ ನಾನೂ ಅಲ್ಲಿಗೇ ಬಂದು ನಿಲ್ಲುತ್ತೇನೆ ಅಂತ ಲೆಕ್ಕ ಹಾಕುತ್ತಾರೆ. ಅಂದರೆ ಹಿರಿಯರಿಗೆ ಕಡಿಮೆ ಕೊಟ್ಟು ಉಳಿಸಿದ ದುಡ್ಡು ಹುಡುಗರು ಬಿಟ್ಟು ಹೋಗುವುದರಲ್ಲಿ ಹೋಗುತ್ತದೆ. ಇದನ್ನು ಮಾಲೀಕರಿಗೆ ಒಪ್ಪಿಸಲು ನನಗೆ ಎಂಟು ತಿಂಗಳು ಬೇಕಾಯಿತು. ಹೋಗುವವರು ಹೋಗಲಿ, ಕಲಿತದ್ದು ಉಳಿಯಲಿ ಅಂತ ಪ್ರತಿ ಕಷ್ಟದ ಸೆಟ್ಟಿಂಗನ್ನು ಎರಡು ನಿಮಿಷದ ವಿಡಿಯೋ ಮಾಡಿಡುತ್ತೇವೆ. ಕೈ ಹಿರಿಯರದ್ದು, ಮೊಬೈಲ್ ಕಿರಿಯರದ್ದು.

ಓಟಿ ಜಗಳವೂ ದುಡ್ಡಿನದ್ದೇ. ಮಗಳ ಮದುವೆ ಸಾಲ ಇರುವವರಿಗೆ ಓಟಿ ಬೇಕು, ಭಾನುವಾರ ಊರಿಗೆ ಹೋಗಬೇಕೆನ್ನುವ ಹುಡುಗನಿಗೆ ಬೇಡ. ಬೇಡ ಅಂದವನನ್ನು ಸೋಮಾರಿ ಅನ್ನಬೇಡಿ. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಕಾನೂನೇ ಇದೆ. ಅದನ್ನು ಸರಿಯಾಗಿ ಕೊಟ್ಟು, ಗುರುವಾರವೇ ಹೆಸರು ಬರೆಸಿಕೊಂಡರೆ, ಬೇಕಾದವರು ತಾವೇ ಬರುತ್ತಾರೆ.

9. ಸುರಕ್ಷತೆಗೆ ವಯಸ್ಸಿಲ್ಲ

ಹುಡುಗರು ಕಿವಿಗೆ ಇಯರ್‌ಫೋನ್, ಕೈಗೆ ಬ್ರೇಸ್‌ಲೆಟ್ ಹಾಕಿಕೊಂಡು ಬರುತ್ತಾರೆ. ಹಿರಿಯರು ಕೈಯಿಂದಲೇ ಚಿಪ್ಸ್ ಎಳೆಯುತ್ತಾರೆ, ತಿರುಗುವ ಚಕ್ ಹತ್ತಿರ ಗ್ಲೌಸ್ ಹಾಕುತ್ತಾರೆ. ಎರಡಕ್ಕೂ ಒಂದೇ ದಂಡ, ಒಂದೇ ದನಿ. "ಮೂವತ್ತು ವರ್ಷದಿಂದ ಏನೂ ಆಗಿಲ್ಲ" ಅನ್ನುವುದನ್ನು ಕೇಳಿಸಿಕೊಳ್ಳಬೇಡಿ.

10. ನೀವು ನಡುವೆ ನಿಂತವರಾದರೆ

ನನ್ನಂಥವರಿಗೆ ಒಂದು ಮಾತು. ನಾವು 40ರ ಆಸುಪಾಸಿನವರು ಇಬ್ಬರಿಗೂ ಅರ್ಥವಾಗುತ್ತೇವೆ ಅಂತ ಹೆಮ್ಮೆಪಟ್ಟುಕೊಂಡು ಪೋಸ್ಟ್‌ಮ್ಯಾನ್ ಆಗಿಬಿಡುತ್ತೇವೆ. ಅವರು ಹೇಳಿದ್ದನ್ನು ಇವನಿಗೆ ಮೆತ್ತಗೆ ಮಾಡಿ, ಇವನು ಹೇಳಿದ್ದನ್ನು ಅವರಿಗೆ ಸಿಹಿ ಮಾಡಿ. ಕೊನೆಗೆ ಅವರಿಬ್ಬರೂ ಮಾತಾಡುವುದನ್ನೇ ಬಿಡುತ್ತಾರೆ. ಈಗ ನಾನು ದೂರು ತಂದವರಿಗೆ ಒಂದೇ ಮಾತು ಹೇಳುವುದು: "ಅವರಿಗೆ ಹೇಳಿದ್ದೀಯಾ?" ಹೇಳಿಲ್ಲ ಅಂದರೆ ಮೂವರೂ ಮಷೀನಿನ ಹತ್ತಿರ ಹೋಗುತ್ತೇವೆ. ಮಷೀನು ನಿಲ್ಲಿಸಿ, ಡ್ರಾಯಿಂಗ್ ಹರಡಿ, ಜಾಬ್ ಮಧ್ಯೆ ಇಟ್ಟುಕೊಂಡು ಮಾತು. ಜಾಬ್ ಬಿಟ್ಟು ಬೇರೆ ವಿಷಯ ಎತ್ತಿದರೆ ಚಹಾ ಅವರ ಲೆಕ್ಕಕ್ಕೆ. ನಾನೂ ಎರಡು ಸಲ ಕೊಡಿಸಿದ್ದೇನೆ.

ಆಯುಧ ಪೂಜೆ ಹೇಗೂ ಇದೆ, ಅದಕ್ಕೆ ಬೇರೆ ಟೀಮ್ ಔಟಿಂಗ್ ಬೇಡ. ಕಳೆದ ಸಲ ಒಂದು ಬದಲಾವಣೆ ಮಾಡಿದೆವು. ಹಳೆಯ ಲೇತ್ ಒರೆಸಿ ಬಣ್ಣ ಹಚ್ಚಿದ್ದು ಹುಡುಗರು, ಸಿಎನ್‌ಸಿ ಒಳಗೆ ತೂರಿ ಕೂಲಂಟ್ ಟ್ಯಾಂಕ್ ತೊಳೆದದ್ದು ಹಿರಿಯರು. ಶಾಫ್ಟ್ ಹಾಳುಮಾಡಿದ ಹುಡುಗ ಡಯಲ್ ಪಕ್ಕದ ಹಳೆಯ ಚೀಟಿ ಕಿತ್ತು ಪೇಂಟಿನಲ್ಲೇ ಬರೆದ: "ರೇಡಿಯಸ್. ವ್ಯಾಸ ಎರಡರಷ್ಟು." ದೊಡ್ಡಣ್ಣ ಅದರ ಮೇಲೊಂದು ಕುಂಕುಮದ ಬೊಟ್ಟು ಇಟ್ಟರು.

ಮೊದಲ ವಾರ ಬರೆದುಕೊಂಡ 9 ಜಗಳಗಳಲ್ಲಿ ಎಂಟಕ್ಕೆ ಏನೋ ಒಂದು ದಾರಿ ಆಗಿದೆ. ಉಳಿದಿರುವುದು ಫ್ಯಾನು. ಹಿರಿಯರಿಗೆ ಬೆನ್ನಿಗೆ ಗಾಳಿ ಹೊಡೆದರೆ ಹಿಡಿದುಕೊಳ್ಳುತ್ತದೆ, ಹುಡುಗರಿಗೆ ಫ್ಯಾನಿಲ್ಲದೆ ಊಟ ಇಳಿಯುವುದಿಲ್ಲ. ಇವತ್ತು ಮಧ್ಯಾಹ್ನವೂ ನಾಲ್ಕು ಸಲ ಸ್ವಿಚ್ಚು ಹಾಕಿ ಆರಿಸಿದ್ದಾರೆ.